ಮಾರಾಟವಾದ ಆಟಕ್ಕೆ ಎರಡನೇ ಭಾಗ ಬೇಕೇ? ಮೈನ್‌ಕ್ರಾಫ್ಟ್ ಕುರಿತು ಒಂದು ಚರ್ಚೆ

ಕಲ್ಲಿದ್ದಲು:

ಘನಾಕಾರದ ಚೌಕಗಳನ್ನು ಒಡೆದು ಜೋಡಿಸಿ ತನ್ನದೇ ಪ್ರಪಂಚ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನ ಎರಡನೇ ಭಾಗ ಯಾವಾಗ ಎಂಬ ಪ್ರಶ್ನೆಗೆ ಈಗ ಹತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಅದನ್ನು ಮಾಡಿದ ಮೊಜಾಂಗ್ ಸಂಸ್ಥೆಯನ್ನು 250 ಕೋಟಿ ಡಾಲರಿಗೆ ಕೊಳ್ಳುವುದಾಗಿ ಮೈಕ್ರೋಸಾಫ್ಟ್ 2014ರ ಸೆಪ್ಟೆಂಬರ್ 15ರಂದು ಪ್ರಕಟಿಸಿತು. ಆಟವನ್ನು ಬರೆದ ಮಾರ್ಕಸ್ ಪರ್ಸನ್ ಮತ್ತು ಅವರೊಡನೆ ಸಂಸ್ಥೆ ಕಟ್ಟಿದ ಇಬ್ಬರೂ ಹೊರನಡೆದರು. ಅಷ್ಟು ಹಣ ಸುರಿದವರು ಸುಮ್ಮನೆ ಕೂರಲಾರರು, ಹೆಸರಿನ ಪಕ್ಕ ಎರಡು ಎಂಬ ಅಂಕಿ ಹಚ್ಚಿ ಅದೇ ಆಟವನ್ನು ಎಲ್ಲರಿಗೂ ಮತ್ತೊಮ್ಮೆ ಮಾರುತ್ತಾರೆ ಎಂದು ಆಗ ನಾನೂ ನಂಬಿದ್ದೆ. ಹಾಗಾಗಲಿಲ್ಲ. ಮಾರಾಟದ ಹೊತ್ತಿಗೆ ಐದು ಕೋಟಿ ಪ್ರತಿಗಳನ್ನು ದಾಟಿದ್ದ ಆಟ 2023ರ ಅಕ್ಟೋಬರ್ ವೇಳೆಗೆ 30 ಕೋಟಿ ದಾಟಿತು, ಅದೂ 2011ರ ನವೆಂಬರಿನಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಅದೇ ಹೆಸರಿನಲ್ಲಿ. ಇಷ್ಟರ ಮೇಲೂ ಎರಡನೇ ಭಾಗ ಬೇಕೆಂದು ಕೇಳುವವರು ನಿಜವಾಗಿ ಏನನ್ನು ಕೇಳುತ್ತಿದ್ದಾರೆ ಎಂದು ತಿಳಿಯುವ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಡ. ಕಥೆಯಿರುವ ಆಟಕ್ಕೆ ಮುಂದಿನ ಭಾಗ ಸಹಜ, ಏಕೆಂದರೆ ಕಥೆ ಮುಗಿದಿರುತ್ತದೆ. ಇಲ್ಲಿ ಕೊನೆಯ ಶತ್ರುವಾದ ಡ್ರ್ಯಾಗನ್ ಸತ್ತ ಮೇಲೂ ಆಟಗಾರ ಮನೆಗೆ ಮರಳಿ ಅರ್ಧಕ್ಕೆ ನಿಂತ ಚಾವಣಿಯನ್ನು ಮುಗಿಸಬೇಕಾಗಿರುತ್ತದೆ. ನಾನು 2012ರಲ್ಲಿ ಒಂದು ಗುಡ್ಡದೊಳಗೆ ಕೊರೆದ ಮನೆ, ಚೌಕಗಳನ್ನು ತಳ್ಳುವ ಪಿಸ್ಟನ್‌ಗಳಿಂದ ಮಾಡಿದ ಅದರ ಗುಪ್ತ ಬಾಗಿಲಿನ ಸಮೇತ, ಇಂದಿಗೂ ನನ್ನ ಕಂಪ್ಯೂಟರಿನಲ್ಲಿ ಜಾವಾ ಆವೃತ್ತಿಯಲ್ಲಿ, ಅಂದರೆ ಮೂಲ ಆಟದಲ್ಲಿ, ತೆರೆಯುತ್ತದೆ. 2021ರ ನವೆಂಬರಿನಲ್ಲಿ 1.18 ಎಂಬ ಅಪ್‌ಡೇಟು ಬಂದಾಗ ಪ್ರಪಂಚದ ಎತ್ತರ 256 ಚೌಕಗಳಿಂದ 384ಕ್ಕೆ ಏರಿತು. ಅದರಲ್ಲಿ 64 ಚೌಕಗಳು ನೆಲದ ಕೆಳಗೆ ಸೇರಿದವು. ಹಳೆಯ ತಳದ ಬಂಡೆ ಕರಗಿ ನನ್ನ ಮನೆಯ ಅಡಿಯಲ್ಲಿ ನಾನು ತೋಡದ ಪಾತಾಳವೊಂದು ತೆರೆದುಕೊಂಡಿತು, ಆದರೆ ಮನೆಯ ಒಂದು ಕಲ್ಲೂ ಅಲುಗಲಿಲ್ಲ. ಎರಡನೇ ಭಾಗವೊಂದು ಬಂದಿದ್ದರೆ ಆ ಪಾತಾಳ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ.


ನೆದರ್‌ಯಾತ್ರಿ:

ನಿಮ್ಮ ಮನೆ ಉಳಿದದ್ದಕ್ಕೆ ಸಂತೋಷವೇ, ಆದರೆ ಅದು ಉಳಿಯಲಿ ಎಂದು ಆಟ ಎಷ್ಟು ತೆತ್ತಿದೆ ಎಂಬ ಲೆಕ್ಕವನ್ನೂ ಹಾಕಬೇಕು. ಜಾವಾ ಆವೃತ್ತಿಯಲ್ಲಿ ಪ್ರಪಂಚದ ಗಡಿಯಾರ ಸೆಕೆಂಡಿಗೆ 20 ಬಾರಿ ಮಿಡಿಯುತ್ತದೆ. ಒಂದು ಮಿಡಿತಕ್ಕೆ 50 ಮಿಲಿಸೆಕೆಂಡು. ಅಷ್ಟರೊಳಗೆ ಪ್ರತಿ ಹಂದಿ, ಪ್ರತಿ ನೀರಿನ ಹರಿವು, ವಸ್ತುಗಳನ್ನು ಸಾಗಿಸುವ ಪ್ರತಿ ಹಾಪರ್, ಬೆಳೆಯುತ್ತಿರುವ ಪ್ರತಿ ಗೋಧಿ ಗಿಡದ ಲೆಕ್ಕ ಬಹುಪಾಲು ಒಂದೇ ಎಳೆಯ ಮೇಲೆ ಮುಗಿಯಬೇಕು. ಪ್ರೊಸೆಸರಿಗೆ ಹದಿನಾರು ಕೋರ್‌ಗಳಿದ್ದರೂ ಈ ಭಾರವನ್ನು ಮುಖ್ಯವಾಗಿ ಹೊರುವುದು ಒಂದೇ. ಒಬ್ಬ ಮನುಷ್ಯ 2009ರಲ್ಲಿ ಬಿಡುವಿನ ವೇಳೆಯಲ್ಲಿ ಬರೆಯಲು ತೊಡಗಿದ ಅಡಿಪಾಯದ ಮೇಲೆ ನಾವು ಹದಿನೈದು ವರ್ಷಗಳಿಂದ ಮಹಡಿಗಳನ್ನು ಏರಿಸುತ್ತಿದ್ದೇವೆ. ಮಾಡ್ ಬರೆಯುವವರು, ಅಂದರೆ ಆಟಕ್ಕೆ ಹೊರಗಿನಿಂದ ಮಾರ್ಪಾಡು ಬರೆಯುವವರು, ಸೋಡಿಯಂನಂಥ ಮಾಡ್‌ಗಳಿಂದ ಚಿತ್ರಣದ ವೇಗವನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸಿರುವುದೇ ಮೂಲದಲ್ಲಿ ಎಷ್ಟು ಸಡಿಲವಿದೆ ಎಂಬುದಕ್ಕೆ ಸಾಕ್ಷಿ.

ಇನ್ನು ವೇಗದ ಮಾತು. 2020ರ ಅಕ್ಟೋಬರಿನಲ್ಲಿ ಗುಹೆಗಳ ಅಪ್‌ಡೇಟನ್ನು ಘೋಷಿಸಿದಾಗ ಪುರಾತತ್ವ ಶೋಧನೆಯನ್ನೂ ಬಂಡಲ್ ಎಂಬ ಗಂಟಿನ ಚೀಲವನ್ನೂ ತೋರಿಸಿದ್ದರು. ಅಪ್‌ಡೇಟನ್ನು ಎರಡಾಗಿ ಸೀಳಿದರು. ಪುರಾತತ್ವ ಬಂದದ್ದು 2023ರ ಜೂನ್‌ನಲ್ಲಿ. ಆ ಚೀಲ ಬಂದದ್ದು 2024ರ ಅಕ್ಟೋಬರಿನಲ್ಲಿ. ಒಂದು ಚೀಲ ಹೊಲಿಯಲು ನಾಲ್ಕು ವರ್ಷ! ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದರ ಕೈಯಲ್ಲಿರುವ ಆಟವಿದು. ಈ ನಿಧಾನಕ್ಕೆ ಸೋಮಾರಿತನವೇ ಕಾರಣ ಎಂದು ಬೈಯುವವರ ಸಾಲಿನಲ್ಲಿ ನಾನಿಲ್ಲ. ಪ್ರತಿ ಹೊಸ ವಸ್ತುವೂ ಎರಡು ಬೇರೆ ಬೇರೆ ಆವೃತ್ತಿಗಳಲ್ಲಿ, ಫೋನಿನಿಂದ ಹಿಡಿದು ಕನ್ಸೋಲಿನವರೆಗೆ, ಕೋಟಿಗಟ್ಟಲೆ ಹಳೆಯ ಪ್ರಪಂಚಗಳನ್ನು ಕೆಡಿಸದೆ ಕೂರಬೇಕಾಗಿದೆ. ಆ ಹೊರೆಯನ್ನು ಇಳಿಸುವ ಪ್ರಾಮಾಣಿಕ ದಾರಿಯೇ ಎರಡನೇ ಭಾಗ. ಹಳೆಯದು ಹಳೆಯದಾಗಿಯೇ ಇರಲಿ, ಹೊಸದು ಯಾರ ಮನೆಯನ್ನೂ ಕಾಯುವ ಹಂಗಿಲ್ಲದೆ ಹುಟ್ಟಲಿ.


ಕೆಂಪುಪುಡಿ:

ನೀವಿಬ್ಬರೂ ಬರಬೇಕೋ ಬೇಡವೋ ಎಂದು ವಾದಿಸುತ್ತಿರುವ ಎರಡನೇ ಭಾಗ ಆಗಲೇ ಬಂದಾಗಿದೆ, ಅದರ ಹೆಸರು ಬೆಡ್‌ರಾಕ್. ಅದಕ್ಕೆ ಎರಡು ಎಂಬ ಅಂಕಿ ಇಲ್ಲದಿರುವುದರಿಂದ ನಾವು ಗುರುತಿಸಲಿಲ್ಲ, ಅಷ್ಟೆ.

2011ರಲ್ಲಿ ಫೋನುಗಳಿಗಾಗಿ ಬೇರೆಯೇ ಭಾಷೆಯಲ್ಲಿ, ಸಿ ಪ್ಲಸ್ ಪ್ಲಸ್‌ನಲ್ಲಿ, ಬೇರೆಯೇ ಆಟವಾಗಿ ಬರೆದ ಪಾಕೆಟ್ ಆವೃತ್ತಿಯಿಂದ ಅದು ಬೆಳೆಯಿತು. ಮಾರಾಟವಾದ ಮರುವರ್ಷ ವಿಂಡೋಸ್ 10ಕ್ಕೆ ಬಂತು. 2017ರ ಸೆಪ್ಟೆಂಬರಿನಲ್ಲಿ ಫೋನ್, ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್‌ಗಳನ್ನು ಒಂದುಗೂಡಿಸಿದ ಅಪ್‌ಡೇಟಿನೊಡನೆ ಕಂಪನಿಯವರು ಮಾಡಿದ ನಾಮಕರಣವನ್ನು ಗಮನಿಸಿ: ಈ ಹೊಸ ಸಂತತಿಗೆ ಯಾವ ವಿಶೇಷಣವೂ ಇಲ್ಲದೆ ಬರಿಯ ‘ಮೈನ್‌ಕ್ರಾಫ್ಟ್’ ಎಂಬ ಹೆಸರು ಸಿಕ್ಕಿತು, ಮೂಲ ಆಟಕ್ಕೆ ‘ಜಾವಾ ಆವೃತ್ತಿ’ ಎಂಬ ಬಾಲ ಅಂಟಿತು. ಸಾಮಾನ್ಯವಾಗಿ ಉತ್ತರಭಾಗಗಳು ಹೆಸರಿಗೆ ಒಂದು ಅಂಕಿ ಸೇರಿಸಿಕೊಂಡು ಬರುತ್ತವೆ. ಇದು ಹಿರಿಯನ ಹೆಸರನ್ನೇ ಎತ್ತಿಕೊಂಡು, ಹಿರಿಯನಿಗೆ ಅಡ್ಡಹೆಸರಿಟ್ಟಿತು.

ಆಟದೊಳಗೆ ವಿದ್ಯುತ್ ಹರಿಸುವ ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯಿಂದ ನಾನು ಯಂತ್ರಗಳನ್ನು ಕಟ್ಟುವವನಾದ್ದರಿಂದ ಎರಡರ ನಡುವಿನ ಬಿರುಕು ನನಗೆ ಮೊದಲು ಕಾಣುತ್ತದೆ. ಜಾವಾದಲ್ಲಿ ಪಿಸ್ಟನ್‌ಗೆ ನೇರವಾಗಿ ವಿದ್ಯುತ್ ಮುಟ್ಟದಿದ್ದರೂ, ಅದರ ಮೇಲಿನ ಚೌಕದ ಜಾಗಕ್ಕೆ ಮುಟ್ಟುವಂತಿದ್ದರೆ ಅದು ಚಾಲೂ ಆಗುತ್ತದೆ. ಇದು ಮೂಲತಃ ದೋಷ. ಆದರೆ ಅದರ ಮೇಲೆ ಜನ ವರ್ಷಗಟ್ಟಲೆ ಬಾಗಿಲು, ಲಿಫ್ಟು, ಬೆಳೆ ಕೊಯ್ಯುವ ಯಂತ್ರಗಳನ್ನು ಕಟ್ಟಿದ್ದರಿಂದ ಅದನ್ನು ತಿದ್ದದೆ ಉಳಿಸಿಕೊಂಡರು. ಬೆಡ್‌ರಾಕ್‌ನಲ್ಲಿ ಆ ದೋಷವಿಲ್ಲ. ತರ್ಕದ ದೃಷ್ಟಿಯಿಂದ ಬೆಡ್‌ರಾಕ್ ಸರಿ, ಜಾವಾ ತಪ್ಪು. ಆದರೂ ನನ್ನ ಬಳಗದವರೆಲ್ಲ ಆ ತಪ್ಪಿನಲ್ಲೇ ವಾಸವಾಗಿದ್ದೇವೆ.

ನೆದರ್‌ಯಾತ್ರಿಯವರು ಕೇಳಿದ ಹೊಸ ಅಡಿಪಾಯ ಬಂತು, ಸಾಧಾರಣ ಫೋನಿನಲ್ಲೂ ಆಟ ಓಡಿತು, ಬೇರೆ ಬೇರೆ ಯಂತ್ರಗಳ ಮುಂದೆ ಕುಳಿತ ಗೆಳೆಯರು ಒಂದೇ ಪ್ರಪಂಚದಲ್ಲಿ ಸೇರುವಂತಾಯಿತು. ಇದೆಲ್ಲ ದೊಡ್ಡ ಉಪಕಾರವೇ. ಜೊತೆಗೆ ಅದೇ 2017ರಲ್ಲಿ ಮಾರ್ಕೆಟ್‌ಪ್ಲೇಸ್ ಎಂಬ ಅಂಗಡಿಯೂ, ಅಲ್ಲಿ ಖರ್ಚು ಮಾಡಲು ಮೈನ್‌ಕಾಯಿನ್ ಎಂಬ ನಾಣ್ಯವೂ ಬಂದವು. ಜಾವಾದಲ್ಲಿ ಉಡುಪಿನ ಚಿತ್ರವನ್ನು ನಾನೇ ಬರೆದು ಪುಕ್ಕಟೆ ಹಾಕಿಕೊಳ್ಳುತ್ತೇನೆ. ಕೊಂಡವರು ಅಡಿಪಾಯದಿಂದ ಹೊಸ ಮನೆ ಕಟ್ಟಿದರೆ ಅದಕ್ಕೊಂದು ಅಂಗಡಿ ಮಳಿಗೆಯನ್ನೂ ಸೇರಿಸಿಯೇ ಕಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.


ಚೌಕಾಕಾರ:

ಇದೇ ಹೆಸರಿನಲ್ಲಿ ಹೊರಬಂದ ಉಳಿದ ಆಟಗಳ ಜಾತಕವನ್ನೂ ಒಮ್ಮೆ ನೋಡಿ. ಫೋನ್ ಹಿಡಿದು ಬೀದಿಯಲ್ಲಿ ಆಡಬೇಕಿದ್ದ ಮೈನ್‌ಕ್ರಾಫ್ಟ್ ಅರ್ತ್ 2019ರಲ್ಲಿ ಬಂದು, ಜನ ಮನೆಯೊಳಗೇ ಉಳಿಯಬೇಕಾದ ಕಾಲಕ್ಕೆ ಸಿಕ್ಕಿ, 2021ರ ಜೂನ್ 30ರಂದು ಮುಚ್ಚಿತು. ಡಂಜನ್ಸ್ 2020ರ ಮೇ ತಿಂಗಳಲ್ಲಿ ಬಂತು, ಚೆನ್ನಾಗಿಯೇ ಓಡಿತು, 2023ರಲ್ಲಿ ಅದರ ಕೆಲಸ ನಿಲ್ಲಿಸಿದರು. ಲೆಜೆಂಡ್ಸ್ 2023ರ ಏಪ್ರಿಲಿನಲ್ಲಿ ಬಂದು ಒಂಬತ್ತೇ ತಿಂಗಳಲ್ಲಿ ಹೊಸ ವಸ್ತು ಬರುವುದಿಲ್ಲ ಎಂಬ ಪ್ರಕಟಣೆಗೆ ತಲುಪಿತು. ಮೂರರಲ್ಲೂ ಚೌಕಗಳಿದ್ದವು, ಕ್ರೀಪರ್ ಎಂಬ ಸಿಡಿಯುವ ಜೀವಿಗಳಿದ್ದವು, ಹೆಸರಿತ್ತು. ಹೆಸರಿಗೆ ಜನ ಬರುತ್ತಾರೆ, ಆದರೆ ಹೆಸರಿಗಾಗಿ ಉಳಿಯುವುದಿಲ್ಲ.


ಹಳೇಸರ್ವರ್:

ಊಹೆಯ ಮಾತು ಬಿಟ್ಟು, ಮಾರಾಟದ ನಂತರ ನಿಜವಾಗಿಯೂ ಎರಡನೇ ಭಾಗ ಮಾಡಿದವರ ಕಥೆಯನ್ನು ನೋಡೋಣ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ರಾಕೆಟ್ ಕಟ್ಟುವ ಆಟವನ್ನು ಮೆಕ್ಸಿಕೋದ ಸ್ಕ್ವಾಡ್ ಎಂಬ ಸಣ್ಣ ಸಂಸ್ಥೆ ಮಾಡಿತ್ತು. ಕಕ್ಷೆ ಎಂದರೇನು, ಕಕ್ಷೆಯಲ್ಲಿ ಮುಂದಿರುವವನನ್ನು ಹಿಡಿಯಲು ಯಾಕೆ ವೇಗ ತಗ್ಗಿಸಬೇಕು ಎಂಬುದನ್ನು ಅದರಿಂದಲೇ ಕಲಿತವರು ಬಹಳ ಮಂದಿ, ಅವರಲ್ಲಿ ನಾನೂ ಒಬ್ಬ. 2017ರ ಮೇ ತಿಂಗಳಲ್ಲಿ ಟೇಕ್-ಟೂ ಕಂಪನಿ ಅದನ್ನು ಕೊಂಡಿತು. 2019ರ ಆಗಸ್ಟಿನಲ್ಲಿ ಎರಡನೇ ಭಾಗದ ಘೋಷಣೆಯಾಯಿತು. ಬಿಡುಗಡೆ 2020ರಲ್ಲಿ ಎಂದರು. ಅದನ್ನು ಮಾಡುತ್ತಿದ್ದ ಸ್ಟುಡಿಯೋದಿಂದ ಕೆಲಸವನ್ನು ಕಿತ್ತು, ಅಲ್ಲಿನ ಹಲವರನ್ನು ತಮ್ಮದೇ ಹೊಸ ಸ್ಟುಡಿಯೋಗೆ ಸೇರಿಸಿಕೊಂಡರು. ತಾರೀಖು ಮುಂದೆ ಮುಂದೆ ಹೋಯಿತು. ಕೊನೆಗೆ 2023ರ ಫೆಬ್ರುವರಿ 24ರಂದು ಅರೆಬೆಂದ ರೂಪದಲ್ಲಿ, 50 ಡಾಲರ್ ಬೆಲೆಗೆ ಹೊರಬಂತು.

ಆ ದಿನ ಅದರಲ್ಲಿ ನೆಲೆಗಳನ್ನು ಕಟ್ಟುವ ಸೌಲಭ್ಯವಿರಲಿಲ್ಲ, ಬೇರೆ ನಕ್ಷತ್ರಗಳಿರಲಿಲ್ಲ, ಜೊತೆಗೂಡಿ ಆಡುವ ವ್ಯವಸ್ಥೆಯಿರಲಿಲ್ಲ. ಮೊದಲ ಭಾಗದಲ್ಲಿ ಇದ್ದ ವಿಜ್ಞಾನದ ಹಂತಗಳೂ ಡಿಸೆಂಬರಿನವರೆಗೆ ಬರಲಿಲ್ಲ. 2024ರಲ್ಲಿ ಆ ಸ್ಟುಡಿಯೋದ ಬಾಗಿಲು ಮುಚ್ಚಿತು. ಅದೇ ವರ್ಷದ ಕೊನೆಗೆ ಟೇಕ್-ಟೂ ಆ ಪ್ರಕಾಶನ ವಿಭಾಗವನ್ನೇ ಮಾರಿಬಿಟ್ಟಿತು. ಇತ್ತ ಮೊದಲ ಭಾಗವನ್ನು ಆಡುವವರು ಈಗಲೂ ಮಾಡ್‌ಗಳ ನೆರವಿನಿಂದ ಹೊಸ ಗ್ರಹಗಳಿಗೆ ಹೋಗುತ್ತಲೇ ಇದ್ದಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದು ಮಾರಿದವರ ಕೈಯಲ್ಲಿ ಕೊನೆಗೆ ಕೂಸೂ ಉಳಿಯಲಿಲ್ಲ.

ಬ್ಲಿಝಾರ್ಡ್ ಕಂಪನಿಯ ಗುಂಡಿನ ಕಾಳಗದ ಆಟವಾದ ಓವರ್‌ವಾಚ್‌ನ ಎರಡನೇ ಭಾಗ ಇನ್ನೊಂದು ಬಗೆಯದು. 2022ರ ಅಕ್ಟೋಬರ್ 4ರಂದು ಅದು ಬಂದಾಗ ಮೊದಲ ಭಾಗದ ಸರ್ವರ್‌ಗಳನ್ನು ಆರಿಸಿಬಿಟ್ಟರು, ಅಂದರೆ ದುಡ್ಡು ಕೊಟ್ಟು ಕೊಂಡಿದ್ದ ಆಟ ಇಲ್ಲವಾಯಿತು. ಎರಡನೇ ಭಾಗ ಯಾಕೆ ಎಂಬ ಪ್ರಶ್ನೆಗೆ ಉತ್ತರವಾಗಿ ತೋರಿಸಿದ್ದ ದೊಡ್ಡ ಕಥಾಪರ್ವವನ್ನು 2023ರ ಮೇ ತಿಂಗಳಲ್ಲಿ ಕೈಬಿಟ್ಟರು. ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡದ್ದು ಅದೇ ವರ್ಷದ ಅಕ್ಟೋಬರಿನಲ್ಲಾದ್ದರಿಂದ ಈ ಪಾಪದಲ್ಲಿ ಅವರಿಗೆ ಪಾಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.


ನೆದರ್‌ಯಾತ್ರಿ:

ಕರ್ಬಲ್‌ನ ಉದಾಹರಣೆಯಿಂದ ತಿಳಿಯುವುದು ಕೆಟ್ಟ ಆಡಳಿತದ ಫಲ ಕೆಟ್ಟದ್ದು ಎಂಬುದಷ್ಟೆ. ಅಡುಗೆ ಸೀದುಹೋದರೆ ಒಲೆಯನ್ನು ಬೈದು ಪ್ರಯೋಜನವಿಲ್ಲ.

ಹಾಗೆ ನೋಡಿದರೆ ಕೊಳ್ಳುವಿಕೆಯ ನಂತರ ಹುಟ್ಟಿದ ಒಳ್ಳೆಯ ಉತ್ತರಭಾಗಗಳೂ ಇವೆ. ಬಂದೂಕಿನ ಕಾದಾಟದ ಆಟವಾದ ಕೌಂಟರ್-ಸ್ಟ್ರೈಕ್ 1999ರಲ್ಲಿ ಇಬ್ಬರು ಹವ್ಯಾಸಿಗಳು ಹಾಫ್-ಲೈಫ್ ಆಟಕ್ಕೆ ಬರೆದ ಮಾಡ್ ಆಗಿತ್ತು. ವಾಲ್ವ್ ಕಂಪನಿ 2000ದಲ್ಲಿ ಅದರ ಹಕ್ಕನ್ನೂ ಬರೆದವರನ್ನೂ ತನ್ನೊಳಗೆ ಸೇರಿಸಿಕೊಂಡಿತು. ಆಮೇಲೆ 2004ರಲ್ಲಿ ಒಂದು, 2012ರಲ್ಲಿ ಇನ್ನೊಂದು, 2023ರ ಸೆಪ್ಟೆಂಬರಿನಲ್ಲಿ ಮತ್ತೊಂದು ರೂಪ ಬಂದವು. ಪ್ರತಿ ಸಲವೂ ಹಳಬರು ಗೊಣಗಿದರು, ಪ್ರತಿ ಸಲವೂ ಒಂದೆರಡು ವರ್ಷದಲ್ಲಿ ಹೊಸದಕ್ಕೆ ಒಗ್ಗಿದರು. ಡೋಟಾದ ಕಥೆಯೂ ಹೀಗೆಯೇ: ಇನ್ನೊಬ್ಬರ ಆಟದ ಮೇಲೆ ಕುಳಿತಿದ್ದ ಮಾಡ್ ಒಂದು, ಎರಡನೇ ಭಾಗವಾಗಿ 2013ರಲ್ಲಿ ತನ್ನದೇ ಕಾಲಿನ ಮೇಲೆ ನಿಂತಿತು. ಹಣವಂತನೊಬ್ಬ ಕೊಂಡ ಮಾತ್ರಕ್ಕೆ ಆಟದ ಆತ್ಮ ಹಾರಿಹೋಗುತ್ತದೆ ಎನ್ನುವುದು ನಮ್ಮ ಭಾವುಕತೆ. ಇಂಥ ಯಶಸ್ಸನ್ನು ಮೈನ್‌ಕ್ರಾಫ್ಟ್‌ಗೆ ಮಾತ್ರ ಯಾಕೆ ನಿರಾಕರಿಸುತ್ತೀರಿ?


ಕಲ್ಲಿದ್ದಲು:

ಕೌಂಟರ್-ಸ್ಟ್ರೈಕ್ ಒಳ್ಳೆಯ ಉದಾಹರಣೆ, ಆದರೆ ಅದು ನನ್ನ ಪಕ್ಷದ ಸಾಕ್ಷಿ. ಅದರ ಒಂದು ಪಂದ್ಯ ಗಂಟೆಯೊಳಗೆ ಮುಗಿಯುತ್ತದೆ, ಮುಗಿದ ಮೇಲೆ ನೆಲದಲ್ಲಿ ಏನೂ ಉಳಿಯುವುದಿಲ್ಲ. ಆಟಗಾರ ಹೊತ್ತೊಯ್ಯುವುದು ಬೆರಳಿನ ಪಳಗಿಕೆಯನ್ನು, ಜೊತೆಗೆ ಬಂದೂಕಿನ ಬಣ್ಣಗಳನ್ನು. ಆ ಬಣ್ಣಗಳನ್ನು ಕೂಡ 2023ರ ಆವೃತ್ತಿಗೆ ಹಾಗೆಯೇ ದಾಟಿಸಿಕೊಟ್ಟರು, ಏಕೆಂದರೆ ಜನ ಕೂಡಿಟ್ಟದ್ದನ್ನು ಕಿತ್ತುಕೊಂಡರೆ ದಂಗೆಯಾಗುತ್ತದೆ ಎಂದು ವಾಲ್ವ್‌ಗೆ ಗೊತ್ತಿತ್ತು. ಮೈನ್‌ಕ್ರಾಫ್ಟ್‌ನಲ್ಲಿ ಜನ ಕೂಡಿಟ್ಟಿರುವುದು ಬಣ್ಣಗಳನ್ನಲ್ಲ, ಸ್ಥಳಗಳನ್ನು. 2ಬಿ2ಟಿ ಎಂಬ ನಿಯಮವಿಲ್ಲದ ಸರ್ವರ್ 2010ರ ಡಿಸೆಂಬರಿನಿಂದ ಒಂದೇ ಪ್ರಪಂಚವನ್ನು ಅಳಿಸದೆ ನಡೆಸುತ್ತಿದೆ. ಅಲ್ಲಿನ ಆರಂಭದ ನೆಲ ಹಾಳುಬಿದ್ದ ಯುದ್ಧಭೂಮಿಯಂತಿದೆ, ದಾಳಿ ಮಾಡಿದವರ, ಓಡಿಹೋದವರ, ಸೇಡು ತೀರಿಸಿಕೊಂಡವರ ಪದರಗಳು ಒಂದರ ಮೇಲೊಂದು ಬಿದ್ದಿವೆ. ಅದನ್ನು ಯಾವ ಎರಡನೇ ಭಾಗಕ್ಕೆ ಸಾಗಿಸುತ್ತೀರಿ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ; ಕಟ್ಟಿದವನಿಗೆ ಮಾತ್ರ ಬಿಟ್ಟುಬರುವುದರ ಬೆಲೆ ಗೊತ್ತು.

ಹಾಗೆಂದು ಅಪ್‌ಡೇಟುಗಳು ನಿರಪಾಯಕಾರಿ ಎಂದು ನಾನು ಹೇಳಲಾರೆ. ಮೊದಮೊದಲು ಪ್ರಪಂಚದ ಮಧ್ಯದಿಂದ ಒಂದೇ ದಿಕ್ಕಿಗೆ ಒಂದು ಕೋಟಿ ಇಪ್ಪತ್ತೈದು ಲಕ್ಷ ಚೌಕಗಳಷ್ಟು ನಡೆದರೆ ನೆಲ ಹುಚ್ಚು ಹಿಡಿದಂತೆ ಗೋಡೆಯಾಗಿ ಎದ್ದು ನಿಲ್ಲುತ್ತಿತ್ತು. ಲೆಕ್ಕಾಚಾರದ ದೋಷದಿಂದ ಹುಟ್ಟಿದ ಆ ದೂರದ ನಾಡನ್ನು ನೋಡಲು ಜನ ನಿಜಕ್ಕೂ ತಿಂಗಳುಗಟ್ಟಲೆ ನಡೆಯುತ್ತಿದ್ದರು. ಪೂರ್ಣ ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ಆವೃತ್ತಿಯಾದ, 2011ರ ಸೆಪ್ಟೆಂಬರಿನ ಬೀಟಾ 1.8ರಲ್ಲಿ ಭೂಮಿ ಹುಟ್ಟಿಸುವ ಕೋಡ್ ಬದಲಾಯಿತು, ಆ ನಾಡು ಅಳಿಯಿತು. ಮೈಕ್ರೋಸಾಫ್ಟ್‌ನ ನೆರಳೂ ಬಿದ್ದಿರದ ಕಾಲವದು. ಆದರೆ ಆಟವನ್ನು ತೆರೆಯುವ ಜಾವಾ ಲಾಂಚರಿನಲ್ಲಿ ಇಂದಿಗೂ ಬೀಟಾ 1.7.3 ಆರಿಸಿಕೊಂಡು ಆ ಗೋಡೆಯ ಕಡೆಗೆ ನಡೆಯಬಹುದು. ನನ್ನ ವಾದದ ಬುಡ ಇಷ್ಟೇ: ಹಳೆಯದನ್ನು ಯಾರೂ ಬಾಗಿಲು ಹಾಕಿ ಓಡಿಸದಿರುವವರೆಗೆ ಹೊಸದು ಏನಾದರೂ ಆಗಲಿ.


ಹಳೇಸರ್ವರ್:

ಆ ಲಾಂಚರಿನ ಕೃಪೆಯಿಂದಲೇ ನನ್ನ ಸಣ್ಣ ಸರ್ವರ್ ಬದುಕಿದೆ ಎಂಬುದನ್ನು ಒಪ್ಪುತ್ತೇನೆ. 2016ರ 1.9ರಲ್ಲಿ ಕತ್ತಿ ಬೀಸಿದ ಮೇಲೆ ಕ್ಷಣಕಾಲ ಕಾಯಬೇಕೆಂಬ ನಿಯಮ ಬಂದಾಗ, ಕಾದಾಟವನ್ನೇ ಆಟವಾಗಿ ಮಾಡಿಕೊಂಡಿದ್ದ ಸರ್ವರ್‌ಗಳು ಹೊಸದನ್ನು ನಿರಾಕರಿಸಿ 1.8ರಲ್ಲೇ ಬೇರೂರಿದವು. ಮಾಡ್ ಲೋಕದ ಒಂದು ಭಾಗ 1.7.10ರಲ್ಲಿ, ಇನ್ನೊಂದು 1.12.2ರಲ್ಲಿ ನೆಲೆ ನಿಂತಿತು. ಅಂದರೆ ಹೆಸರೊಂದೇ ಇದ್ದರೂ ಒಳಗೆ ನಾಲ್ಕೈದು ಆಟಗಳು ಒಟ್ಟಿಗೆ ಬಾಳುತ್ತಿವೆ. ಯಾರೂ ಯಾರನ್ನೂ ಹೊಸದಕ್ಕೆ ತಳ್ಳಲಿಲ್ಲ, ಇದು ಈ ಆಟದ ಅಪರೂಪದ ಗುಣ.

ಆದರೆ ಕಲ್ಲಿದ್ದಲು ಅವರೇ, ಆ ಬಾಗಿಲಿನ ಕೀಲಿ ಯಾರ ಬಳಿ ಇದೆ ಎಂಬುದನ್ನು ಮರೆಯಬೇಡಿ. ಹಳೆಯ ಮೊಜಾಂಗ್ ಖಾತೆಗಳನ್ನು ಮೈಕ್ರೋಸಾಫ್ಟ್ ಖಾತೆಗಳಿಗೆ ಬದಲಾಯಿಸಿಕೊಳ್ಳಬೇಕೆಂದು ವಿಧಿಸಿ, ಅದರ ಗಡುವನ್ನು 2023ರ ಸೆಪ್ಟೆಂಬರ್ 19ಕ್ಕೆ ಮುಗಿಸಿದರು. ಅಷ್ಟರೊಳಗೆ ಬದಲಾಯಿಸಿಕೊಳ್ಳದವರು, ಒಂದು ದಶಕದ ಹಿಂದೆ ಹಣ ಕೊಟ್ಟು ಕೊಂಡವರಾಗಿದ್ದರೂ, ಆಟವನ್ನು ಕಳೆದುಕೊಂಡರು. 2022ರ ಜುಲೈನಲ್ಲಿ 1.19.1 ಬಂದಾಗ ಖಾಸಗಿ ಸರ್ವರಿನಲ್ಲಿ ಆಡಿದ ಮಾತಿನ ಮೇಲೂ ಕಂಪನಿಗೆ ದೂರು ಹೋಗುವ, ಅದರಿಂದ ಎಲ್ಲ ಸರ್ವರ್‌ಗಳಿಂದಲೂ ನಿಷೇಧಕ್ಕೆ ಒಳಗಾಗುವ ವ್ಯವಸ್ಥೆ ಬಂತು. ಮಕ್ಕಳ ಸುರಕ್ಷತೆಗಾಗಿ ಎಂಬ ಕಾರಣದಲ್ಲಿ ಹುರುಳಿದೆ, ಆದರೆ ನನ್ನ ಮನೆಯ ಜಗಲಿಯ ಮಾತಿಗೆ ಊರಾಚೆಯ ನ್ಯಾಯಾಧೀಶ ಯಾಕೆ ಎಂಬ ಪ್ರಶ್ನೆಯಲ್ಲೂ ಹುರುಳಿದೆ. ಈ ಎರಡಕ್ಕೂ ಎರಡನೇ ಭಾಗದ ಅಗತ್ಯ ಬೀಳಲಿಲ್ಲ. ಒಂದು ಆಟವನ್ನು ಕೊಂಡವನು ಅದನ್ನು ಬದಲಾಯಿಸಲು ಹೊಸ ಆಟ ಬರೆಯಬೇಕಾಗಿಲ್ಲ, ಲಾಗಿನ್ ಪುಟವೊಂದು ಸಾಕು.

ಪೂರ್ತಿ ಹೊಣೆಯನ್ನು ಕೊಂಡವರ ತಲೆಗೇ ಕಟ್ಟುವುದೂ ಸರಿಯಲ್ಲ. ಸರ್ವರ್‌ಗಳು ಹಣ ಪಡೆದು ಏನನ್ನು ಮಾರಬಹುದು, ಏನನ್ನು ಮಾರಬಾರದು ಎಂಬ ನಿಯಮವನ್ನು ಬಿಗಿಗೊಳಿಸಿ ದೊಡ್ಡ ಜಗಳ ಎಬ್ಬಿಸಿದ್ದು 2014ರ ಜೂನ್‌ನಲ್ಲಿ, ಸ್ವತಂತ್ರ ಮೊಜಾಂಗ್. ಆ ಜಗಳದಿಂದ ಬೇಸತ್ತೇ ಪರ್ಸನ್ ತಮ್ಮ ಪಾಲನ್ನು ಕೊಳ್ಳುವವರಿದ್ದಾರೆಯೇ ಎಂದು ಟ್ವಿಟರಿನಲ್ಲಿ ಕೇಳಿದ್ದು.


ಕೆಂಪುಪುಡಿ:

ಪರ್ಸನ್ ಅವರ ಹೆಸರು ಬಂದದ್ದರಿಂದ ಒಂದು ಮಾತು. 2025ರ ಜನವರಿಯಲ್ಲಿ ಅವರೇ ಮೈನ್‌ಕ್ರಾಫ್ಟ್‌ನ ಮನೋಧರ್ಮವನ್ನು ಮುಂದುವರಿಸುವ ಆಟವೊಂದನ್ನು ಮಾಡಲೇ ಎಂದು ಮತ ಕೇಳಿದರು, ಸುದ್ದಿ ‘ಮೈನ್‌ಕ್ರಾಫ್ಟ್ 2’ ಎಂದೇ ಹಬ್ಬಿತು. ಮಾರಿದವನೇ ಎರಡನೇ ಭಾಗ ಬರೆಯುವ ಹೊತ್ತಿಗೆ ಅದು ಯಾರ ಎರಡನೇ ಭಾಗ ಎಂಬ ತಮಾಷೆಯ ಪ್ರಶ್ನೆ ಏಳುತ್ತದೆ. ಹೆಸರು ಮತ್ತು ಕ್ರೀಪರ್ ಕಂಪನಿಯವು. ಚೌಕಗಳನ್ನು ಒಡೆದು ಚೌಕಗಳನ್ನು ಜೋಡಿಸುವ ಕಲ್ಪನೆ ಯಾರದ್ದೂ ಅಲ್ಲ. 2010ರಿಂದ ಮುಕ್ತ ತಂತ್ರಾಂಶವಾಗಿ ಬೆಳೆದು ಈಗ ಲುವಾಂಟಿ ಎಂಬ ಹೆಸರು ಪಡೆದಿರುವ ಮೈನ್‌ಟೆಸ್ಟ್, ಕಲ್ಲನ್ನು ಕೆತ್ತಿ ಜೇಡಿಮಣ್ಣನ್ನು ಸುಟ್ಟು ನಿಧಾನವಾಗಿ ಬದುಕು ಕಟ್ಟಿಸುವ ವಿಂಟೇಜ್ ಸ್ಟೋರಿ, ಇವೆಲ್ಲ ಒಂದೊಂದು ದಿಕ್ಕಿನಲ್ಲಿ ಉತ್ತರಭಾಗಗಳೇ.

ಹೈಟೇಲ್ ಎಂಬ ಇನ್ನೊಂದು ಚೌಕಗಳ ಆಟದ ಕಥೆ ಈ ಚರ್ಚೆಗೆಂದೇ ಬರೆದಂತಿದೆ. ಮೈನ್‌ಕ್ರಾಫ್ಟ್‌ನ ಅತಿ ದೊಡ್ಡ ಸರ್ವರ್‌ಗಳಲ್ಲೊಂದನ್ನು ಕಟ್ಟಿದವರು ಅದನ್ನು 2018ರ ಡಿಸೆಂಬರಿನಲ್ಲಿ ಘೋಷಿಸಿದರು. 2020ರಲ್ಲಿ ರಾಯಟ್ ಕಂಪನಿ ಅವರನ್ನು ಕೊಂಡಿತು. ಆಟವನ್ನು ಓಡಿಸುವ ಮೂಲ ತಂತ್ರಾಂಶವಾದ ಇಂಜಿನ್ ಅನ್ನು ಮೊದಲಿನಿಂದ ಬರೆಯಲು ಹೊರಟರು, ವರ್ಷಗಳು ಸರಿದವು, 2025ರ ಜೂನ್‌ನಲ್ಲಿ ಯೋಜನೆ ರದ್ದಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಥಾಪಕರಲ್ಲೊಬ್ಬರು ಅದನ್ನು ಮರಳಿ ಕೊಂಡು, ಹೊಸ ಇಂಜಿನ್ ಬದಿಗಿಟ್ಟು, ಹಳೆಯ ಇಂಜಿನ್‌ನಿಂದಲೇ ಮುಂದುವರಿದರು. ನೆದರ್‌ಯಾತ್ರಿಯವರು ಬಯಸುವ ಶುದ್ಧ ಅಡಿಪಾಯ ಅಲ್ಲಿ ಆಟವನ್ನೇ ನುಂಗಲು ಹೊರಟಿತ್ತು.


ಚೌಕಾಕಾರ:

ಸುಂದರ ಚಿತ್ರಕ್ಕಾಗಿ ಎರಡನೇ ಭಾಗ ಬೇಕೆನ್ನುವವರಿಗೆ ಒಂದು ಮಾಹಿತಿ. 2017ರಲ್ಲಿ ಘೋಷಿಸಿದ ದೊಡ್ಡ ಗ್ರಾಫಿಕ್ಸ್ ಅಪ್‌ಡೇಟನ್ನು 2019ರ ಆಗಸ್ಟಿನಲ್ಲಿ ರದ್ದು ಮಾಡಿದಾಗ ಇನ್ನು ಈ ಆಟದಿಂದ ಅದು ಸಾಧ್ಯವೇ ಇಲ್ಲ ಎಂದು ನಾನೂ ಬರೆದಿದ್ದೆ. 2025ರ ಜೂನ್‌ನಲ್ಲಿ ಬೆಡ್‌ರಾಕ್‌ಗೆ ವೈಬ್ರಂಟ್ ವಿಶುವಲ್ಸ್ ಎಂಬ ಹೊಸ ಚಿತ್ರಣ ಬಂತು. ನೀರಿನ ಮೇಲೆ ಸೂರ್ಯ ಹೊಳೆಯುತ್ತಾನೆ, ಮೋಡದ ನಡುವಿನಿಂದ ಬೆಳಕಿನ ಕೋಲುಗಳು ಇಳಿಯುತ್ತವೆ. ಹಳೆಯ ಪ್ರಪಂಚಗಳಲ್ಲಿಯೇ. ತಡವಾಯಿತು ಎಂಬುದು ಬೇರೆ ಮಾತು.


ನೆದರ್‌ಯಾತ್ರಿ:

ಹೈಟೇಲ್‌ನ ಉದಾಹರಣೆ ನನಗೆ ಚುಚ್ಚಿತು, ಅದನ್ನು ಮರೆಮಾಚುವುದಿಲ್ಲ. ಆದರೂ ನನ್ನ ಬೇಡಿಕೆಯನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾರೆ, ಬದಲಾಗಿ ಅದಕ್ಕೆ ಷರತ್ತುಗಳನ್ನು ಹಾಕುತ್ತೇನೆ. ಎರಡನೇ ಭಾಗ ಬರುವುದಾದರೆ ಮೊದಲ ಭಾಗದ ಸರ್ವರ್, ಲಾಗಿನ್, ಹಳೆಯ ಆವೃತ್ತಿಗಳು ಹಾಗೆಯೇ ಉಳಿಯಬೇಕು. ಹೊಸದರಲ್ಲಿ ಮಾಡ್ ಬರೆಯುವ ಹಕ್ಕು ಅಂಗಡಿಯ ಒಪ್ಪಿಗೆಗೆ ಕಾಯಬಾರದು. ಹಳೆಯ ಪ್ರಪಂಚದ ಕಡತವನ್ನು ಹೊಸದು ಓದಿ ತೆರೆಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತಿದೆ ನನ್ನ ಮಾತು ಎಂದು ನಗಬೇಡಿ. ಜಾವಾ ಆವೃತ್ತಿಯ ಕೋಡಿನ ಹೆಸರುಗಳನ್ನು ಮಸುಕುಗೊಳಿಸುವ ಪದ್ಧತಿಯನ್ನು ಕೈಬಿಡುವುದಾಗಿ 2025ರ ಅಕ್ಟೋಬರಿನಲ್ಲಿ ಮೊಜಾಂಗ್‌ನವರೇ ಪ್ರಕಟಿಸಿದ್ದಾರೆ, ಮಾಡ್ ಬರೆಯುವವರು ಹಿಂದೆ ಕನಸು ಕಾಣಲೂ ಹಿಂಜರಿಯುತ್ತಿದ್ದ ಸಂಗತಿಯದು. ಕೊಂಡವರಿಂದ ಒಳ್ಳೆಯದೂ ಆಗಬಹುದು. ಕಡತ ಪರಿವರ್ತನೆ ಅಂಥ ಅಸಾಧ್ಯವಾದುದೇನಲ್ಲ, ಚೌಕ ಎಂದರೆ ಕೊನೆಗೆ ಒಂದು ಸಂಖ್ಯೆ ಮತ್ತು ಮೂರು ನಿರ್ದೇಶಾಂಕಗಳು ಅಷ್ಟೇ ಅಲ್ಲವೇ.


ಕಲ್ಲಿದ್ದಲು:

ನಿಮ್ಮ ಮೊದಲ ಎರಡು ಷರತ್ತುಗಳಿಗೆ ನನ್ನ ಸಹಿ ಇದೆ. ಅವು ಈಡೇರುವುದಾದರೆ ಎರಡಲ್ಲ, ಹತ್ತನೇ ಭಾಗ ಬಂದರೂ ನನ್ನ ಆಕ್ಷೇಪವಿಲ್ಲ. ನಾನು ಬರದೆ ಇರಬಹುದು, ಅಷ್ಟೆ.

ಮೂರನೆಯದರ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ. ಬೆಡ್‌ರಾಕ್ ಎಂಬುದು ಆಗಲೇ ಬಂದಿರುವ ಎರಡನೇ ಭಾಗ ಎಂದು ಕೆಂಪುಪುಡಿಯವರು ಬರೆದದ್ದನ್ನು ಓದಿ, ನನ್ನ 2012ರ ಪ್ರಪಂಚದ ಒಂದು ನಕಲನ್ನು ಪರಿವರ್ತನಾ ತಂತ್ರಾಂಶವೊಂದಕ್ಕೆ ಕೊಟ್ಟು ಆ ಕಡೆಗೆ ದಾಟಿಸಿ ನೋಡಿದೆ. ನೀವು ಹೇಳಿದ್ದು ನಿಜ, ಚೌಕಗಳು ಬರುತ್ತವೆ. ಗುಡ್ಡ ಬಂತು, ಅದರ ಮೇಲೆ ನಾನು ನೆಟ್ಟ ಬರ್ಚ್ ಮರಗಳ ಸಾಲು ಬಂತು, ಪೆಟ್ಟಿಗೆಗಳಲ್ಲಿಟ್ಟ ಕಬ್ಬಿಣವೂ ಬಂತು. ದಾರಿಯ ಪಕ್ಕದ ಫಲಕದಲ್ಲಿ ಅಂದು ತಪ್ಪು ಕಾಗುಣಿತದಲ್ಲಿ ಬರೆದಿದ್ದ ಸ್ವಾಗತವೂ ಹಾಗೆಯೇ ಇತ್ತು. ಬಾಗಿಲಿನ ಮುಂದೆ ನಿಂತು ಸನ್ನೆಗೋಲನ್ನು ಎಳೆದೆ. ಪಿಸ್ಟನ್‌ಗಳು ಇದ್ದಲ್ಲೇ ಇದ್ದವು, ರೆಡ್‌ಸ್ಟೋನ್ ಬೆಳಗಿತು, ಬಾಗಿಲು ಅಲುಗಲಿಲ್ಲ. ಅದು ನಿಂತಿದ್ದದ್ದು ಆ ತಿದ್ದದೆ ಬಿಟ್ಟ ದೋಷದ ಮೇಲೆ ಎಂದು ನನಗೆ ಈ ಹದಿಮೂರು ವರ್ಷ ಗೊತ್ತೇ ಇರಲಿಲ್ಲ. ಇನ್ನೆರಡು ಬಾರಿ ಎಳೆದು ನೋಡಿ, ಗುದ್ದಲಿ ತೆಗೆದುಕೊಂಡು ಪಕ್ಕದ ಗೋಡೆ ಒಡೆದು ಒಳಗೆ ಹೋದೆ.